ಮಡಿಕೇರಿಯಲ್ಲಿ ವಿಚಾರ ಸಂಕಿರಣ: ಅತಿಥಿಗಳನ್ನು ಎಲ್ಲಿ ಉಳಿಸುವುದು, ಏನು ತೋರಿಸುವುದು?

ಸಂಚಾಲಕಿ_ಧಾರವಾಡ:

ಎಲ್ಲರಿಗೂ ನಮಸ್ಕಾರ. ನವೆಂಬರ್ ಕೊನೆಯಲ್ಲಿ ಮಡಿಕೇರಿಯಲ್ಲಿ ನಮ್ಮದೊಂದು ಸಸ್ಯಶಾಸ್ತ್ರ ವಿಚಾರ ಸಂಕಿರಣ ಇದೆ. ಗುರುವಾರ, ಶುಕ್ರವಾರ ಸಭೆ. ಶನಿವಾರ ಬಂದವರಿಗೆ ಸುತ್ತಮುತ್ತ ತೋರಿಸಬೇಕು. ಸಭೆ ನಡೆಯುವುದು ಪೇಟೆಯೊಳಗಿನ ಕಾಲೇಜಿನಲ್ಲಿ. ಬರುವವರು ಎಂಬತ್ತರ ಹತ್ತಿರ. ಕಲಬುರಗಿ, ಧಾರವಾಡ, ಬೆಂಗಳೂರಿನವರೇ ಜಾಸ್ತಿ. ಕೇರಳದಿಂದ ಕೆಲವರು, ಶ್ರೀಲಂಕಾದಿಂದ ಇಬ್ಬರು. ಎಪ್ಪತ್ತರ ಹತ್ತಿರ ಬಂದ ಹಿರಿಯರೂ ಇದ್ದಾರೆ, ಎಂ.ಎಸ್ಸಿ. ಓದುವ ಮಕ್ಕಳೂ ಇದ್ದಾರೆ.

ಇಂಟರ್ನೆಟ್‌ನಲ್ಲಿ ಹುಡುಕಿದರೆ ಬರೀ ಫೋಟೋಗಳು. ತೋಟದ ನಡುವೆ ಈಜುಕೊಳ, ಕಿಟಕಿ ತುಂಬ ಮಂಜು. ಎಲ್ಲವೂ ಚೆಂದ. ಆದರೆ ಬೆಳಿಗ್ಗೆ ಒಂಬತ್ತೂವರೆಗೆ ಸಭೆಯಲ್ಲಿ ಕೂರಬೇಕಾದವರಿಗೆ ಯಾವುದು ಸರಿ ಅಂತ ಯಾರೂ ಬರೆದಿಲ್ಲ. ಶನಿವಾರ ಒಂದೇ ದಿನಕ್ಕೆ ಅಬ್ಬಿ ಜಲಪಾತ, ಮಾಂದಲ್‌ಪಟ್ಟಿ ಬೆಟ್ಟ, ತಲಕಾವೇರಿ, ದುಬಾರೆ ಆನೆ ಶಿಬಿರ, ಬೈಲಕುಪ್ಪೆಯ ಟಿಬೆಟನ್ ಮಠ ಎಲ್ಲ ತೋರಿಸುತ್ತೇವೆ ಅಂತ ಒಬ್ಬ ಟ್ರಾವೆಲ್ಸ್‌ನವರು ಹೇಳಿದ್ದಾರೆ. ಅದು ಆಗುವ ಮಾತಾ? ಅಲ್ಲಿಯವರು, ಹೋಗಿ ಬಂದವರು ದಯವಿಟ್ಟು ಹೇಳಿ.

ಕೋಟೆಬೀದಿ:

ಆಗುವ ಮಾತಲ್ಲ. ನಾನು ಮಡಿಕೇರಿಯವನೇ. ಮೊದಲು ಉಳಿಯುವ ವಿಷಯ ಹೇಳುತ್ತೇನೆ, ಅದು ಸರಿಯಾದರೆ ಮಿಕ್ಕಿದ್ದೆಲ್ಲ ಸಲೀಸು.

ಸಭೆ ಇರುವ ದಿನಗಳಲ್ಲಿ ಎಲ್ಲರನ್ನೂ ಪೇಟೆಯೊಳಗೇ ಉಳಿಸಿ. ಬಸ್ ನಿಲ್ದಾಣದಿಂದ ರಾಜಾಸೀಟಿನ ತನಕ, ಕಾಲೇಜು ರಸ್ತೆ, ಜನರಲ್ ತಿಮ್ಮಯ್ಯ ವೃತ್ತದ ಆಸುಪಾಸು ಸಾಕಷ್ಟು ಲಾಡ್ಜ್‌ಗಳಿವೆ. ರಾಜಾಸೀಟಿನ ಹತ್ತಿರ ರಾಜ್ಯ ಪ್ರವಾಸೋದ್ಯಮ ನಿಗಮದ (ಕೆಎಸ್‌ಟಿಡಿಸಿ) ಹೋಟೆಲು ಮಯೂರ ವ್ಯಾಲಿ ವ್ಯೂ ಇದೆ. ಹಿರಿಯರನ್ನು ಅಲ್ಲಿ ಉಳಿಸಿದರೆ ಸಂಜೆ ಎದ್ದು ನಾಲ್ಕು ಹೆಜ್ಜೆ ನಡೆದರೆ ಸೂರ್ಯಾಸ್ತ. ಎಂಬತ್ತು ಜನಕ್ಕೆ ಒಂದೇ ಕಡೆ ರೂಮು ಸಿಗುವುದು ಕಷ್ಟ. ಮೂರು ನಾಲ್ಕು ಲಾಡ್ಜ್‌ಗೆ ಹಂಚಿ, ಆದರೆ ಎಲ್ಲವೂ ಒಂದೇ ರಸ್ತೆಯ ಆಸುಪಾಸಿನಲ್ಲಿ ಇರಲಿ.

ತೋಟದ ಮನೆ ಹದಿನೈದೇ ಕಿಲೋಮೀಟರ್ ಅಂತ ಫೋನಿನಲ್ಲಿ ಹೇಳುತ್ತಾರೆ. ಸುಳ್ಳಲ್ಲ. ಆದರೆ ಮುಖ್ಯ ರಸ್ತೆ ಬಿಟ್ಟ ಮೇಲೆ ಕೊನೆಯ ಎರಡು ಕಿಲೋಮೀಟರ್ ಬರೀ ತಿರುವು, ಎದುರಿಗೆ ಒಂದು ಪಿಕಪ್ ಬಂದರೆ ಒಬ್ಬರು ಹಿಂದಕ್ಕೆ ಹೋಗಬೇಕು. ದೊಡ್ಡ ಬಸ್ಸು ಒಳಗೆ ಬರುವುದಿಲ್ಲ. ಬೆಳಿಗ್ಗೆ ಮಂಜು ಇದ್ದರೆ ಇನ್ನೂ ನಿಧಾನ. ಮೊದಲ ಗೋಷ್ಠಿಯ ಅಧ್ಯಕ್ಷರು ಜೀಪಿಗೆ ಕಾಯುತ್ತಾ ಗೇಟಿನಲ್ಲಿ ನಿಂತಿರುವುದನ್ನು ಈ ಊರಿನಲ್ಲಿ ನಾವು ನೋಡಿದ್ದೇವೆ.

ಏಲಕ್ಕಿತೋಟ:

ನಾನು ಕಕ್ಕಬೆ ಕಡೆ ಹೋಂಸ್ಟೇ ನಡೆಸುತ್ತೇನೆ. ಆದರೂ ಕೋಟೆಬೀದಿಯವರ ಮಾತೇ ಸರಿ ಅಂತೀನಿ. ಸಭೆಗೆ ಬಂದವರು ನಮ್ಮಲ್ಲಿ ಉಳಿದರೆ ಅವರಿಗೂ ಸುಖ ಇಲ್ಲ, ನಮಗೂ ಇಲ್ಲ. ಬೆಳಿಗ್ಗೆ ಏಳಕ್ಕೇ ಹೊರಡುತ್ತಾರೆ, ರಾತ್ರಿ ಒಂಬತ್ತಕ್ಕೆ ಸುಸ್ತಾಗಿ ಬರುತ್ತಾರೆ. ತೋಟ ನೋಡುವುದೇ ಇಲ್ಲ. ಅದಕ್ಕೆ ಹೋಂಸ್ಟೇ ಯಾಕೆ ಬೇಕು?

ಸಭೆ ಮುಗಿದ ಮೇಲೆ ಬರಲಿ. ಶನಿವಾರ ಒಂದು ರಾತ್ರಿ ಉಳಿಯುವವರು ಹತ್ತೋ ಹನ್ನೆರಡೋ ಜನ ಇದ್ದರೆ ಅದೇ ಸರಿಯಾದ ಲೆಕ್ಕ. ನವೆಂಬರ್ ಕೊನೆಗೆ ಅರೇಬಿಕಾ ಕಾಫಿಯ ಕೊಯ್ಲು ಶುರುವಾಗಿರುತ್ತದೆ. ಸಂಜೆ ನಾಲ್ಕೂವರೆ ಐದಕ್ಕೆ ಕೊಯ್ದ ಹಣ್ಣಿನ ಚೀಲ ಹೊತ್ತು ಎಲ್ಲರೂ ಕಣದ ಹತ್ತಿರ ಬರುತ್ತಾರೆ. ತಕ್ಕಡಿಗೆ ಚೀಲ ನೇತು ಹಾಕಿ, ಒಬ್ಬೊಬ್ಬರ ಹೆಸರಿನ ಮುಂದೆ ಕೆಜಿ ಬರೆಯುತ್ತೇವೆ. ಕೆಂಪು ಹಣ್ಣಿನ ಜೊತೆ ಹಸಿರು ಕಾಯಿ ಜಾಸ್ತಿ ಬಂದಿದ್ದರೆ ಅಲ್ಲೇ ಚೀಲ ಸುರಿದು ಆರಿಸುತ್ತಾರೆ. ಒಂದು ಹಣ್ಣು ಹಿಸುಕಿ ಬೀಜ ಬಾಯಿಗೆ ಹಾಕಿಕೊಂಡರೆ ಸಿಹಿ ಲೋಳೆ. ಕಾಫಿ ಕುಡಿಯುವವರಲ್ಲಿ ಎಷ್ಟೋ ಜನಕ್ಕೆ ಆ ಸಿಹಿ ಗೊತ್ತೇ ಇಲ್ಲ. ಸಸ್ಯಶಾಸ್ತ್ರದವರಿಗೆ ಅದನ್ನು ತೋರಿಸದೆ ಕಳಿಸಿದರೆ ಬೇಜಾರಲ್ವಾ?

ಒಂದು ಸೂಚನೆ. ಕೊಡಗಿನ ಸುಗ್ಗಿ ಹಬ್ಬ ಪುತ್ತರಿ ನವೆಂಬರ್ ಕೊನೆ ಇಲ್ಲವೇ ಡಿಸೆಂಬರ್‌ನಲ್ಲಿ ಬರುತ್ತದೆ. ಆಗ ಎಲ್ಲರೂ ಐನ್‌ಮನೆಗೆ, ಅಂದರೆ ಕುಟುಂಬದ ಮೂಲ ಮನೆಗೆ ಹೋಗಿರುತ್ತಾರೆ, ಎಷ್ಟೋ ಹೋಂಸ್ಟೇಗಳು ಅತಿಥಿಗಳನ್ನು ತೆಗೆದುಕೊಳ್ಳುವುದಿಲ್ಲ. ದಿನಾಂಕ ಪಕ್ಕಾ ಮಾಡುವ ಮೊದಲು ಕೇಳಿಕೊಳ್ಳಿ.

ಲೆಕ್ಕಪತ್ರ:

ಇಂಥ ಸಂಕಿರಣಗಳ ಬಿಲ್ಲು ನೋಡುವ ಕೆಲಸ ನನ್ನದು. ಯಾರೂ ಹೇಳದ ವಿಷಯ ಹೇಳುತ್ತೇನೆ. ಬರುವವರು ತಮ್ಮ ವಿಶ್ವವಿದ್ಯಾಲಯದಿಂದ ಪ್ರಯಾಣ ಭತ್ಯೆ, ದಿನಭತ್ಯೆ (ಟಿಎ, ಡಿಎ) ಪಡೆಯಬೇಕಾದರೆ ಸರಿಯಾದ ಬಿಲ್ಲು ಬೇಕು. ಚೀಟಿಯಲ್ಲಿ ಬರೆದುಕೊಟ್ಟ ರಸೀದಿ ನಡೆಯುವುದಿಲ್ಲ. ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಆಗಿರುವ ಹೋಂಸ್ಟೇ ಅಥವಾ ಲಾಡ್ಜ್ ಅನ್ನೇ ಹಿಡಿಯಿರಿ. ಬಿಲ್ಲಿನಲ್ಲಿ ಅತಿಥಿಯ ಹೆಸರು, ಬಂದ ದಿನ, ಹೋದ ದಿನ ಬರೆಯಲು ಮೊದಲೇ ಹೇಳಿ. ಇಬ್ಬರು ಒಂದು ರೂಮಿನಲ್ಲಿದ್ದರೆ ಇಬ್ಬರಿಗೂ ಬೇರೆ ಬೇರೆ ಬಿಲ್ಲು ಕೇಳಿ. ಸಭೆ ಮುಗಿದ ಮೇಲೆ ಕೇಳಿದರೆ ಯಾರೂ ಮಾಡಿಕೊಡುವುದಿಲ್ಲ.

ಶ್ರೀಲಂಕಾದವರಿಗೆ ಕಾನ್ಫರೆನ್ಸ್ ವೀಸಾನೇ ಬೇಕು, ಪ್ರವಾಸಿ ವೀಸಾ ಅಲ್ಲ. ಅವರು ಉಳಿಯುವ ಜಾಗದವರು 24 ಗಂಟೆಯೊಳಗೆ ವಿದೇಶಿ ಅತಿಥಿಯ ಮಾಹಿತಿಯನ್ನು ಆನ್‌ಲೈನ್‌ನಲ್ಲಿ ಸಲ್ಲಿಸಬೇಕು. ಸಿ-ಫಾರ್ಮ್ ಅಂತ ಎಲ್ಲರೂ ಕರೆಯುವುದು ಅದನ್ನೇ. ಚಿಕ್ಕ ಲಾಡ್ಜ್‌ನವರಿಗೆ ಇದರ ಅಭ್ಯಾಸ ಇರುವುದಿಲ್ಲ, ಕೊನೆ ಗಳಿಗೆಯಲ್ಲಿ ರೂಮು ಇಲ್ಲ ಅಂದುಬಿಡುತ್ತಾರೆ. ಅವರಿಬ್ಬರ ರೂಮನ್ನು ಎಲ್ಲರಿಗಿಂತ ಮೊದಲು ಗೊತ್ತು ಮಾಡಿ.

ಸ್ಟೀರಿಂಗ್_ಕುಶಾಲನಗರ:

ನಾನು ಗಾಡಿ ಓಡಿಸುವವನು. ಕೊಡಗಿನಲ್ಲಿ ದೂರವನ್ನು ಕಿಲೋಮೀಟರಿನಲ್ಲಿ ಕೇಳಬೇಡಿ, ಗಂಟೆಯಲ್ಲಿ ಕೇಳಿ. ಕುಶಾಲನಗರದಿಂದ ಮಡಿಕೇರಿಗೆ ಸುಮಾರು 30 ಕಿಲೋಮೀಟರ್. ಸುಂಟಿಕೊಪ್ಪ ದಾಟಿ ಏರು ಶುರುವಾದ ಮೇಲೆ ಲಾರಿ ಹಿಂದೆ ಸಿಕ್ಕಿದರೆ ಒಂದು ಗಂಟೆ. ಮಡಿಕೇರಿಯಿಂದ ತಲಕಾವೇರಿಗೆ 48 ಕಿಲೋಮೀಟರ್, ಒಂದೂವರೆ ಗಂಟೆ ಇಟ್ಟುಕೊಳ್ಳಿ. ಅದು ಪಶ್ಚಿಮಕ್ಕೆ. ಬೈಲಕುಪ್ಪೆ ಪೂರ್ವಕ್ಕೆ, ಜಿಲ್ಲೆಯ ಗಡಿಯ ಆಚೆ, ಮೈಸೂರು ಜಿಲ್ಲೆಗೆ ಸೇರಿದ್ದು. ಮಾಂದಲ್‌ಪಟ್ಟಿ ಉತ್ತರಕ್ಕೆ, ಅಲ್ಲಿಗೆ ಬಸ್ಸು ಹೋಗುವುದೇ ಇಲ್ಲ, ಜೀಪು ಹಿಡಿಯಬೇಕು. ಈ ಮೂರನ್ನೂ ಒಂದೇ ದಿನ ತೋರಿಸುತ್ತೇನೆ ಅನ್ನುವವನು ಬಸ್ಸಿನ ಕಿಟಕಿ ತೋರಿಸುತ್ತಾನೆ, ಅಷ್ಟೇ.

ದಿನಕ್ಕೆ ಒಂದು ದಿಕ್ಕು. ಮಡಿಕೇರಿ ನಡುವೆ ಇದೆ. ಪೂರ್ವಕ್ಕೆ ಹೋದರೆ ದುಬಾರೆ, ಕಾವೇರಿ ನಿಸರ್ಗಧಾಮ, ಬೈಲಕುಪ್ಪೆ. ಪಶ್ಚಿಮಕ್ಕೆ ಹೋದರೆ ಭಾಗಮಂಡಲ, ತಲಕಾವೇರಿ. ದಕ್ಷಿಣಕ್ಕೆ ನಾಪೋಕ್ಲು, ಕಕ್ಕಬೆ, ವಿರಾಜಪೇಟೆ. ಇಷ್ಟು ನೆನಪಿಟ್ಟುಕೊಂಡರೆ ಟ್ರಾವೆಲ್ಸ್‌ನವರ ಪಟ್ಟಿಯನ್ನು ನೀವೇ ಸರಿ ಮಾಡುತ್ತೀರಿ.

ನಿಮ್ಮವರಿಗೆ ಪೂರ್ವವೇ ಒಳ್ಳೆಯದು. ಯಾಕಂದರೆ ಶನಿವಾರ ರಾತ್ರಿ ಎಲ್ಲರೂ ಮೈಸೂರಿಗೆ ಹೋಗಿ ರೈಲು ಹಿಡಿಯಬೇಕಲ್ವಾ? ಕೊಡಗಿನಲ್ಲಿ ರೈಲೇ ಇಲ್ಲ. ಲಗೇಜು ಬಸ್ಸಿನಲ್ಲೇ ಇಟ್ಟುಕೊಂಡು ಬೆಳಿಗ್ಗೆ ರೂಮು ಖಾಲಿ ಮಾಡಿ. ದುಬಾರೆ ಮೊದಲು, ಆಮೇಲೆ ಬೈಲಕುಪ್ಪೆ, ಅಲ್ಲಿಂದ ಹಾಗೇ ಮೈಸೂರು. ಹಿಂದಕ್ಕೆ ಬರುವ ಮಾತೇ ಇಲ್ಲ.

ಜೋಳದರೊಟ್ಟಿ:

ನಾನು ಈ ಸಂಕಿರಣಕ್ಕೆ ಬರುವವರಲ್ಲಿ ಒಬ್ಬ. ಕಲಬುರಗಿಯಿಂದ. ನಮ್ಮ ಕಡೆಯವರಿಗೆ ಚಳಿ, ಊಟ, ತಲೆಸುತ್ತು ಈ ಮೂರರದ್ದೇ ಚಿಂತೆ. ಇದಕ್ಕೂ ಯಾರಾದರೂ ಉತ್ತರ ಕೊಡಿ. ಮತ್ತೆ ಧಾರವಾಡದವರು ಮೈಸೂರಿನ ತನಕ ಹೋಗಲೇಬೇಕಾ?

ಸ್ಟೀರಿಂಗ್_ಕುಶಾಲನಗರ:

ಹೋಗಲೇಬೇಕು ಅಂತಿಲ್ಲ. ಹುಬ್ಬಳ್ಳಿ–ಮೈಸೂರು ರೈಲುಗಳಲ್ಲಿ ಕೆಲವು ಅರಸೀಕೆರೆ, ಹಾಸನದ ಮೇಲೆ ಹೋಗುತ್ತವೆ. ಹಾಸನದಲ್ಲಿ ಇಳಿದರೆ ಮಡಿಕೇರಿಗೆ ಬಸ್ಸಿದೆ. ಮೈಸೂರಿನಿಂದಾದರೆ ಸುಮಾರು 120 ಕಿಲೋಮೀಟರ್, ಸರ್ಕಾರಿ ಬಸ್ಸುಗಳು ಹಗಲೆಲ್ಲ ಇವೆ. ಕೇರಳದವರಿಗೆ 2018ರ ಡಿಸೆಂಬರ್‌ನಲ್ಲಿ ಶುರುವಾದ ಕಣ್ಣೂರು ವಿಮಾನ ನಿಲ್ದಾಣ ಹತ್ತಿರ. ಇರಿಟ್ಟಿ, ಮಾಕುಟ್ಟ, ವಿರಾಜಪೇಟೆ ದಾರಿಯಲ್ಲಿ ಬರಬಹುದು. ಕಾಡಿನ ರಸ್ತೆ, ಹಗಲಲ್ಲೇ ಬರಲು ಹೇಳಿ.

ತಲೆಸುತ್ತಿಗೆ ಮುಂದಿನ ಸೀಟು, ಖಾಲಿ ಹೊಟ್ಟೆಯೂ ಬೇಡ, ತುಂಬಿದ ಹೊಟ್ಟೆಯೂ ಬೇಡ. ಕುಶಾಲನಗರದಲ್ಲಿ ಹತ್ತು ನಿಮಿಷ ನಿಲ್ಲಿಸಿ ಆಮೇಲೆ ಘಟ್ಟ ಹತ್ತುವಂತೆ ಡ್ರೈವರ್‌ಗೆ ಹೇಳಿ. ಬಸ್ಸಿನಲ್ಲಿ ಮೊಬೈಲ್ ನೋಡುವವರಿಗೇ ಜಾಸ್ತಿ ತೊಂದರೆ.

ಕೋಟೆಬೀದಿ:

ಚಳಿ: ಮಡಿಕೇರಿ ಇರುವುದು ಸುಮಾರು 1,150 ಮೀಟರ್ ಎತ್ತರದಲ್ಲಿ. ನವೆಂಬರ್ ಕೊನೆಗೆ ಹಗಲು ಹಿತವಾಗಿರುತ್ತದೆ. ಸಂಜೆ ಆರಾದ ಮೇಲೆ ಸ್ವೆಟರ್ ಬೇಕೇ ಬೇಕು. ಹಿಂಗಾರು ಮಳೆ ಒಮ್ಮೊಮ್ಮೆ ಬರುತ್ತದೆ, ಹಾಗಾಗಿ ಒಂದು ಕೊಡೆ.

ಲಾಡ್ಜ್‌ನವರ ಹತ್ತಿರ ಬಿಸಿನೀರಿನ ಬಗ್ಗೆ ಬಿಡಿಸಿ ಕೇಳಿ. ಇದೆ ಅಂದರೆ ಸಾಲದು. ಸೋಲಾರ್ ಒಂದೇ ಇದ್ದರೆ ಮಂಜು ಕವಿದ ದಿನ ನೀರು ಬೆಚ್ಚಗೂ ಆಗುವುದಿಲ್ಲ. ಗೀಸರ್ ಇದೆಯಾ, ಎಷ್ಟು ಗಂಟೆಯಿಂದ ಎಷ್ಟು ಗಂಟೆ, ಕರೆಂಟು ಹೋದರೆ ಜನರೇಟರ್‌ಗೆ ಗೀಸರ್ ಬರುತ್ತದಾ? ಎಂಬತ್ತು ಜನ ಒಂದೇ ಹೊತ್ತಿಗೆ ಸ್ನಾನಕ್ಕೆ ಹೋಗುತ್ತಾರೆ ಅಂತಲೂ ಹೇಳಿ.

ಇನ್ನೊಂದು ಮುಖ್ಯ ಮಾತು. ಬೆಂಗಳೂರಿನಿಂದ ರಾತ್ರಿ ಬಸ್ಸಿಗೆ ಹೊರಟವರು ಬೆಳಗಿನ ಜಾವ ನಾಲ್ಕೂವರೆ ಐದಕ್ಕೆ ಇಲ್ಲಿ ಇಳಿಯುತ್ತಾರೆ. ಲಾಡ್ಜ್‌ನಲ್ಲಿ ರೂಮು ಕೊಡುವುದು ಹನ್ನೊಂದಕ್ಕೋ ಹನ್ನೆರಡಕ್ಕೋ. ಆ ಚಳಿಯಲ್ಲಿ ಬಸ್ ನಿಲ್ದಾಣದಲ್ಲಿ ಕೂತಿರುವ ಅತಿಥಿಗಳನ್ನು ನೋಡಿದರೆ ನಿಜಕ್ಕೂ ಸಂಕಟ ಆಗುತ್ತದೆ. ಬುಧವಾರ ರಾತ್ರಿಯಿಂದಲೇ ನಾಲ್ಕು ರೂಮು ಹೆಚ್ಚಿಗೆ ಹಿಡಿದಿಡಿ. ಮುಖ ತೊಳೆದು, ಬಟ್ಟೆ ಬದಲಿಸಿ, ಒಂದು ಗಂಟೆ ಕಾಲು ಚಾಚಲಿ. ಆ ಖರ್ಚು ಸಂಕಿರಣದ ಖರ್ಚಿನಲ್ಲೇ ಬರಲಿ. ಹಾರ, ಶಾಲು, ಸ್ಮರಣಿಕೆಯಲ್ಲಿ ಉಳಿಸಬಹುದು.

ಏಲಕ್ಕಿತೋಟ:

ಊಟದ ಮಾತು ನನಗೆ ಬಿಡಿ. ಸಸ್ಯಾಹಾರಿಗಳಿಗೆ ಕೊಡಗಿನಲ್ಲಿ ಏನೂ ಇಲ್ಲ ಅಂತ ಒಂದು ಮಾತು ಓಡಾಡುತ್ತದೆ. ಪೂರ್ತಿ ತಪ್ಪು. ಪೇಟೆಯಲ್ಲಿ ಉಡುಪಿ ಶೈಲಿಯ ಹೋಟೆಲುಗಳಿವೆ, ಅದು ಬೇರೆ. ನಮ್ಮ ಅಡುಗೆಯಲ್ಲೇ ಕಡುಂಬುಟ್ಟು, ನೂಲ್‌ಪುಟ್ಟು, ಪಾಪುಟ್ಟು, ಅಕ್ಕಿ ಒಟ್ಟಿ ಎಲ್ಲ ಅಕ್ಕಿಯದೇ. ಕಡುಂಬುಟ್ಟು ಅಂದರೆ ಅಕ್ಕಿ ತರಿಯನ್ನು ಬೇಯಿಸಿ ಉಂಡೆ ಕಟ್ಟಿ ಹಬೆಯಲ್ಲಿ ಬೇಯಿಸಿದ್ದು. ಅದಕ್ಕೆ ಹಂದಿ ಮಾಂಸದ ಪಂದಿ ಕರಿ ಜೋಡಿ ಅಂತ ಎಲ್ಲರಿಗೂ ಗೊತ್ತು. ಆದರೆ ಬಿಸಿ ಬಿಸಿ ಕಡುಂಬುಟ್ಟನ್ನು ಮುರಿದು, ಒಳಗೆ ತುಪ್ಪ ಹಾಕಿ, ಜೇನು ಸುರಿದು ತಿಂದು ನೋಡಿ. ಕುಂಬಳಕಾಯಿ ಕರಿ, ಮಾವಿನಹಣ್ಣಿನ ಕರಿ, ಮಳೆಗಾಲವಾದರೆ ಕಳಲೆ, ಅಣಬೆ. ಹಂದಿ ಮಾಂಸ ಮಾಡುವ ಅಡುಗೆಮನೆ ಬೇಡ ಅನ್ನುವವರಿದ್ದರೆ ಮೊದಲೇ ಹೇಳಿ, ಬೇರೆ ವ್ಯವಸ್ಥೆ ಇರುವ ಮನೆ ಹುಡುಕಬಹುದು. ಬಂದು ಕೂತ ಮೇಲೆ ಹೇಳಿದರೆ ಎರಡು ಕಡೆಯವರಿಗೂ ಮುಜುಗರ.

ಕಾಫಿ ಪುಡಿ ಕೊಳ್ಳುವವರಿಗೆ ಒಂದು ಮಾತು. ಪ್ಯಾಕೆಟ್ ತಿರುಗಿಸಿ ಚಿಕೋರಿ ಎಷ್ಟು ಅಂತ ಓದಿ. ಕೊಡಗು ಅರೇಬಿಕಾಗೆ 2019ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿದೆ. ಹಾಗಂತ ರಸ್ತೆ ಬದಿಯ ಎಲ್ಲ ಪ್ಯಾಕೆಟ್ಟೂ ಅದೇ ಅಲ್ಲ. ಬೆಳೆಗಾರರೇ ನಡೆಸುವ ಅಂಗಡಿಯಲ್ಲಿ ಕೊಳ್ಳಿ.

ನಿವೃತ್ತಮೇಷ್ಟ್ರು_ಮೈಸೂರು:

ಸುತ್ತಾಟ ಅಂದ ಕೂಡಲೇ ಎಲ್ಲರೂ ಬಸ್ಸು ಹತ್ತುತ್ತಾರೆ. ಮಡಿಕೇರಿ ಪೇಟೆಯನ್ನು ನಡೆದು ನೋಡಿ ಅಂತ ನನ್ನ ಒತ್ತಾಯ. ಗುರುವಾರ ಸಭೆ ಮುಗಿದು ಕತ್ತಲಾಗುವುದರೊಳಗೆ, ಶುಕ್ರವಾರ ಬೆಳಿಗ್ಗೆ ತಿಂಡಿಗೆ ಮೊದಲು, ಇಷ್ಟರಲ್ಲೇ ಒಳ್ಳೆಯ ಭಾಗ ಮುಗಿಯುತ್ತದೆ.

ಕೋಟೆಯಿಂದ ಶುರು ಮಾಡಿ. ಹದಿನೇಳನೇ ಶತಮಾನದಲ್ಲಿ ಕೊಡಗಿನ ಅರಸ ಮುದ್ದುರಾಜ ಮಣ್ಣಿನಲ್ಲಿ ಕಟ್ಟಿಸಿದ್ದು. ಟಿಪ್ಪು ಸುಲ್ತಾನ್ ಕಲ್ಲಿನಲ್ಲಿ ಕಟ್ಟಿಸಿ ಜಾಫರಾಬಾದ್ ಅಂತ ಹೆಸರಿಟ್ಟ. ಒಳಗಿನ ಅರಮನೆ ಮುದ್ದುರಾಜನ ಮನೆತನದ ಅರಸ ಲಿಂಗರಾಜೇಂದ್ರನ ಕಾಲದ್ದು, 1812ರಿಂದ 1814ರ ಹೊತ್ತಿನದು. ಅಂಗಳದ ಮೂಲೆಯಲ್ಲಿ ಗಾರೆಯ ಎರಡು ಆನೆಗಳಿವೆ, ನಿಜವಾದ ಆನೆಯಷ್ಟೇ ಎತ್ತರ. ಹತ್ತಿರ ನಿಂತು ಸೊಂಡಿಲಿನ ಸುಕ್ಕು, ಕಿವಿಯ ಅಂಚು ನೋಡಿ. ಕೆಲಸದವನು ಆನೆಯನ್ನು ದಿನಾ ನೋಡಿದವನು ಅಂತ ತಿಳಿಯುತ್ತದೆ. ಕೋಟೆಯೊಳಗೆ ಬ್ರಿಟಿಷರು ಕಟ್ಟಿದ ಚರ್ಚು ಈಗ ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯ. ಒಂದೇ ಗೋಡೆಯೊಳಗೆ ಇಷ್ಟು ಕಾಲದವರು ಇದ್ದು ಹೋಗಿದ್ದಾರೆ.

ಅಲ್ಲಿಂದ ಇಳಿದರೆ ಓಂಕಾರೇಶ್ವರ ದೇವಸ್ಥಾನ. 1820ರದ್ದು. ಮೇಲೆ ಗುಮ್ಮಟ, ನಾಲ್ಕು ಮೂಲೆಗೆ ಮಿನಾರಿನಂಥ ಗೋಪುರ, ಎದುರಿಗೆ ಕಲ್ಯಾಣಿ, ನೀರಿನ ನಡುವೆ ಪುಟ್ಟ ಮಂಟಪ. ಶಿವನ ಗುಡಿ ಹೀಗಿರಬಹುದು ಅಂತ ನಿಮ್ಮ ಕಡೆಯವರು ಅಂದುಕೊಂಡಿರುವುದಿಲ್ಲ. ಊರಿನ ಇನ್ನೊಂದು ತುದಿಯಲ್ಲಿ ಗದ್ದಿಗೆ ಇದೆ, ದೊಡ್ಡವೀರರಾಜೇಂದ್ರ, ಲಿಂಗರಾಜೇಂದ್ರರ ಸಮಾಧಿಗಳು. 1834ರಲ್ಲಿ ಬ್ರಿಟಿಷರು ಕೊಡಗನ್ನು ಕಸಿದುಕೊಳ್ಳುವ ಮುಂಚಿನ ಆ ಮನೆತನದ ರುಚಿ ಏನು ಅಂತ ಈ ಗುಮ್ಮಟಗಳನ್ನು ನೋಡಿದರೆ ಗೊತ್ತಾಗುತ್ತದೆ. ಗದ್ದಿಗೆಗೆ ಜನ ಬರುವುದು ಕಡಿಮೆ. ನನಗೆ ರಾಜಾಸೀಟಿಗಿಂತ ಅದೇ ಇಷ್ಟ.

ಸಮಯ ಸಿಕ್ಕರೆ ಸನ್ನಿ ಸೈಡ್. ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ತಿಮ್ಮಯ್ಯನವರ ಮನೆ, 2021ರ ಫೆಬ್ರವರಿಯಲ್ಲಿ ರಾಷ್ಟ್ರಪತಿಗಳು ಉದ್ಘಾಟಿಸಿದ ವಸ್ತುಸಂಗ್ರಹಾಲಯ.

ಇನ್ನೊಂದು. ಈ ಊರಿಗೆ ಸಭೆಗೆ ಬರುವವರು ಹೊಸಬರಲ್ಲ. ಕನ್ನಡ ಸಾಹಿತ್ಯ ಸಮ್ಮೇಳನ 1932ರಲ್ಲಿ ಡಿ.ವಿ. ಗುಂಡಪ್ಪನವರ ಅಧ್ಯಕ್ಷತೆಯಲ್ಲಿ ಇಲ್ಲೇ ನಡೆಯಿತು. ಆಮೇಲೆ 1981ರಲ್ಲಿ, ಮತ್ತೆ 2014ರ ಜನವರಿಯಲ್ಲಿ 80ನೇ ಸಮ್ಮೇಳನ. ಆಗ ಕೊಡಗು ಬೇರೆಯೇ ಪ್ರಾಂತ್ಯವಾಗಿತ್ತು ಅಂತ 1932ರ ಬಗ್ಗೆ ನೆನಪಿಟ್ಟುಕೊಳ್ಳಿ. ಉದ್ಘಾಟನಾ ಭಾಷಣಕ್ಕೆ ಬೇಕಾದರೆ ಬಳಸಿಕೊಳ್ಳಿ.

ಕೋಟೆಬೀದಿ:

ಮೇಷ್ಟ್ರೇ, ಇದನ್ನು ಹೇಳಿದ್ದಕ್ಕೆ ಥ್ಯಾಂಕ್ಸ್. ಶುಕ್ರವಾರ ಮಡಿಕೇರಿ ಸಂತೆ. ಅದನ್ನೂ ಸೇರಿಸಿ. ಸಂತೆ ದಿನ ಪೇಟೆಯಲ್ಲಿ ಗಾಡಿ ನಿಲ್ಲಿಸುವುದು ಕಷ್ಟ, ಬಸ್ಸನ್ನು ಕಾಲೇಜಿನಲ್ಲೇ ಬಿಟ್ಟು ನಡೆದು ಬನ್ನಿ. ಸೊಪ್ಪು, ಗೆಣಸು, ಗಾಂಧಾರಿ ಮೆಣಸು, ಅಡುಗೆಗೆ ಹಾಕುವ ಹುಳಿ ಕಾಚಂಪುಳಿಯ ಬಾಟಲು. ಸಸ್ಯಶಾಸ್ತ್ರದ ಮಕ್ಕಳು ಒಂದು ಗಂಟೆ ಅಲ್ಲೇ ಕಳೆಯಬಹುದು.

ಮಾಂದಲ್‌ಪಟ್ಟಿ_ಫ್ಯಾನ್:

ಎಲ್ಲರೂ ಕೋಟೆ, ಗುಡಿ ಅಂತೀರಲ್ಲ. ಹುಡುಗರಿಗೆ ಮಾಂದಲ್‌ಪಟ್ಟಿ ತೋರಿಸದೆ ಕಳಿಸಿದರೆ ಹೇಗೆ? ಬೆಳಿಗ್ಗೆ ಐದಕ್ಕೆ ಹೊರಟರೆ ಸೂರ್ಯೋದಯ ನೋಡಿಕೊಂಡು ಒಂಬತ್ತೂವರೆಗೆ ಸಭೆಗೆ ಬರಬಹುದು. ಮೋಡ ಕಾಲ ಕೆಳಗೆ ಇರುತ್ತದೆ. ನಾನಂತೂ ಯಾರು ಬಂದರೂ ಅಲ್ಲಿಗೇ ಕರೆದುಕೊಂಡು ಹೋಗುವುದು.

ಮಕ್ಕಂದೂರು_ಹಳ್ಳಿ:

ನಿಮ್ಮ ಆಸೆ ಅರ್ಥವಾಗುತ್ತದೆ. ಆ ಜಾಗ ನಿಜಕ್ಕೂ ಚೆಂದ. ಆದರೆ ದಯವಿಟ್ಟು ಸಭೆಯ ದಿನ ಬೇಡ. ಜೀಪು ಸಾಲುಗಟ್ಟಿ ನಿಂತಿರುತ್ತದೆ, ಚೆಕ್‌ಪೋಸ್ಟಿನಲ್ಲಿ ಕಾಯಬೇಕು, ಕೊನೆಯ ದಾರಿ ಬರೀ ಕಲ್ಲು. ಬೆನ್ನು ನೋವಿರುವವರು, ವಯಸ್ಸಾದವರು ಹೋಗಲೇಬಾರದು. ಒಂಬತ್ತೂವರೆಗೆ ವಾಪಸು ಬರುತ್ತೇನೆ ಅನ್ನುವುದು ನಡೆಯುವ ಮಾತಲ್ಲ.

ನಮ್ಮ ಊರುಗಳ ಬಗ್ಗೆ ಒಂದು ಮಾತು ಹೇಳಬೇಕು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲ, ಮೊಣ್ಣಂಗೇರಿ ಕಡೆ ಗುಡ್ಡ ಜಾರಿ ಮನೆ, ತೋಟ ಎಲ್ಲ ಹೋಯಿತು. ಸಂಪಾಜೆ ಘಟ್ಟದ ರಸ್ತೆ ಎಷ್ಟೋ ದಿನ ಬಂದ್ ಆಗಿತ್ತು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯಲ್ಲಿ ಬೆಟ್ಟ ಕುಸಿದು ಅರ್ಚಕರ ಕುಟುಂಬವೇ ಮಣ್ಣಿನಡಿ ಸೇರಿತು. ಈಗಲೂ ಕೆಲವರು ಗಾಡಿ ನಿಲ್ಲಿಸಿ ಗುಡ್ಡ ಜಾರಿದ್ದು ಎಲ್ಲಿ ಅಂತ ಕೇಳಿ ಫೋಟೋ ತೆಗೆದುಕೊಳ್ಳುತ್ತಾರೆ. ಅದು ಯಾರದೋ ಮನೆ ಇದ್ದ ಜಾಗ. ನಿಮ್ಮ ಅತಿಥಿಗಳಿಗೆ ಮೊದಲೇ ತಿಳಿಸಿ.

ಮುಂದಿನ ವರ್ಷ ಜೂನ್‌ನಿಂದ ಸೆಪ್ಟೆಂಬರ್ ನಡುವೆ ಸಭೆ ಇಡುವ ಯೋಚನೆ ಇದ್ದರೆ ಬಿಟ್ಟುಬಿಡಿ. ಮಳೆ ನೋಡಲು ಬರುವುದು ಬೇರೆ. ರೆಡ್ ಅಲರ್ಟ್ ಬಂದು ಶಾಲೆ ಕಾಲೇಜಿಗೆ ರಜೆ ಕೊಟ್ಟರೆ ನಿಮ್ಮ ಸಭಾಂಗಣದ ಬಾಗಿಲೂ ತೆರೆಯುವುದಿಲ್ಲ.

ಮಾಂದಲ್‌ಪಟ್ಟಿ_ಫ್ಯಾನ್:

ಸರಿ. ಭಾನುವಾರ ಉಳಿಯುವ ಹುಡುಗರಿಗೆ ಮಾತ್ರ ಅಂತ ಇಟ್ಟುಕೊಳ್ಳೋಣ. ಅದೂ ಅಲ್ಲದಿದ್ದರೆ ತಡಿಯಂಡಮೋಳ್. ಕೊಡಗಿನ ಅತಿ ಎತ್ತರದ ಶಿಖರ, 1,748 ಮೀಟರ್. ಅರಣ್ಯ ಇಲಾಖೆಯ ಆನ್‌ಲೈನ್ ಬುಕಿಂಗ್ ನೋಡಿಕೊಂಡೇ ಹೊರಡಿ.

ಏಲಕ್ಕಿತೋಟ:

ಅದು ನಮ್ಮ ಕಡೆ. ಹತ್ತುವ ದಾರಿಯ ಬುಡದಲ್ಲೇ ನಾಲ್ಕುನಾಡು ಅರಮನೆ ಇದೆ, ದೊಡ್ಡವೀರರಾಜೇಂದ್ರ 1792ರ ಸುಮಾರಿಗೆ ಕಟ್ಟಿಸಿದ್ದು. ಹತ್ತಲಾಗದವರು ಅರಮನೆ, ಪಾಡಿ ಇಗ್ಗುತ್ತಪ್ಪ ದೇವಸ್ಥಾನ ನೋಡಿಕೊಂಡು ಕೂತಿರಬಹುದು.

ಹಸಿರೆಲೆ:

ನಾನೂ ಸಸ್ಯಶಾಸ್ತ್ರದವಳೇ. ಇಷ್ಟು ಹೊತ್ತು ಓದಿದೆ, ದೇವರ ಹೆಸರಿನಲ್ಲಿ ಊರವರು ಕಾಪಾಡಿಕೊಂಡು ಬಂದ ದೇವರಕಾಡಿನ ಹೆಸರನ್ನು ಯಾರೂ ಎತ್ತಲೇ ಇಲ್ಲ! ಕೊಡಗಿನಲ್ಲಿ ಸಾವಿರದ ಇನ್ನೂರಕ್ಕೂ ಹೆಚ್ಚು ದೇವರಕಾಡುಗಳಿವೆ. ಕೆಲವು ಎಕರೆಗಟ್ಟಲೆ, ಕೆಲವು ನಾಲ್ಕಾರು ಮರ. ಕಾಫಿ ತೋಟದ ನಡುವೆ ನಡೆಯುತ್ತಾ ಇದ್ದಕ್ಕಿದ್ದಂತೆ ಬೆಳಕು ಕಡಿಮೆಯಾಗುತ್ತದೆ. ತಲೆ ಎತ್ತಿದರೆ ಕೊಂಬೆ ಕಡಿಯದ ಮರಗಳು, ಬಳ್ಳಿ, ಕಾಲಡಿಗೆ ಮೆತ್ತನೆ ಎಲೆಗೊಬ್ಬರ. ಪಕ್ಕದ ತೋಟದಲ್ಲಿ ನೆರಳಿಗೆ ಅಂತ ನೆಟ್ಟ ಸಿಲ್ವರ್ ಓಕ್ ಇರುತ್ತದೆ. ಎರಡನ್ನೂ ಹತ್ತು ಹೆಜ್ಜೆಯ ಅಂತರದಲ್ಲಿ ತೋರಿಸಿದರೆ ಮಕ್ಕಳು ಎರಡು ದಿನದ ಉಪನ್ಯಾಸಕ್ಕಿಂತ ಜಾಸ್ತಿ ಕಲಿಯುತ್ತಾರೆ.

ಆದರೆ ಸುಮ್ನೆ ನುಗ್ಗಬೇಡಿ. ಊರಿನ ದೇವಸ್ಥಾನ ಸಮಿತಿಯವರನ್ನು ಕೇಳಿ, ಅವರಲ್ಲೇ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಎಲ್ಲೆಯಲ್ಲಿ ಚಪ್ಪಲಿ ಬಿಡಿ ಅಂದರೆ ಬಿಡಿ. ಒಂದು ಎಲೆಯನ್ನೂ ಕೀಳಬೇಡಿ. ಮೀಸಲು ಅರಣ್ಯದಲ್ಲಿ ಮಾದರಿ ಸಂಗ್ರಹಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ವಿದೇಶಿಯರು ಸಂಶೋಧನೆಗೆ ಇಲ್ಲಿಯ ಜೈವಿಕ ಸಂಪನ್ಮೂಲ ತೆಗೆದುಕೊಳ್ಳಬೇಕಾದರೆ 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಒಪ್ಪಿಗೆ ಮೊದಲೇ ಬೇಕು. ಶ್ರೀಲಂಕಾದವರಿಗೆ ಇದನ್ನು ಪತ್ರದಲ್ಲೇ ಬರೆದು ತಿಳಿಸಿ. ಪ್ರೀತಿಯಿಂದ ಕಿತ್ತ ಒಂದು ಜರೀಗಿಡ ಅವರಿಗೂ ತೊಂದರೆ, ನಿಮಗೂ ತೊಂದರೆ.

ಚೆಟ್ಟಳ್ಳಿಯನ್ನೂ ನೋಡಿ. ಕಾಫಿ ಮಂಡಳಿಯ ಸಂಶೋಧನಾ ಉಪಕೇಂದ್ರ ಅಲ್ಲಿದೆ, 1946ರಿಂದ. ತೋಟಗಾರಿಕಾ ಪ್ರಯೋಗ ಕೇಂದ್ರವೂ ಅಲ್ಲೇ, ಕೊಡಗಿನ ಕಿತ್ತಳೆಯ ಮೇಲೆ ಕೆಲಸ ಮಾಡುತ್ತಾರೆ. ಕೇಂದ್ರದ ಕಚೇರಿಗಳಿಗೆ ಶನಿವಾರ ರಜೆ. ಹಾಗಾಗಿ ಶುಕ್ರವಾರ ಮಧ್ಯಾಹ್ನದ ಊಟ ಆದ ಮೇಲೆ ಇಟ್ಟುಕೊಳ್ಳಿ, ಈಗಲೇ ಪತ್ರ ಬರೆದು ಅನುಮತಿ ಕೇಳಿ.

ಕುಡ್ಲದವ:

ಶನಿವಾರ ಪೂರ್ವವೇ ಯಾಕೆ? ತಲಕಾವೇರಿ ಬಿಡುವುದು ನನಗೆ ಸರಿ ಕಾಣುವುದಿಲ್ಲ. ಇಷ್ಟು ದೂರ ಬಂದ ಹಿರಿಯರು ಕಾವೇರಿ ಹುಟ್ಟುವ ಜಾಗ ನೋಡದೆ ಹೋಗುತ್ತಾರಾ? ಭಾಗಮಂಡಲದಲ್ಲಿ ಕಾವೇರಿ, ಕನ್ನಿಕೆ, ಸುಜ್ಯೋತಿ ಸೇರುವ ಸಂಗಮ, ಭಗಂಡೇಶ್ವರ ದೇವಸ್ಥಾನ. ಅಲ್ಲಿಂದ 8 ಕಿಲೋಮೀಟರ್ ಮೇಲೆ ಹೋದರೆ ತಲಕಾವೇರಿ. ತುಲಾ ಸಂಕ್ರಮಣ ಅಕ್ಟೋಬರ್‌ನಲ್ಲೇ ಮುಗಿದಿರುತ್ತದೆ, ಆ ನೂಕುನುಗ್ಗಲು ನವೆಂಬರ್‌ನಲ್ಲಿ ಇರುವುದಿಲ್ಲ.

ಸ್ಟೀರಿಂಗ್_ಕುಶಾಲನಗರ:

ಒಪ್ಪುತ್ತೇನೆ, ಆದರೆ ಆ ದಿನವೇ ಮೈಸೂರು ರೈಲು ಹಿಡಿಯುವವರಿಗೆ ಅದು ಬೇಡ. ತಲಕಾವೇರಿಗೆ ಹೋಗಿ ಮತ್ತೆ ಮಡಿಕೇರಿಗೆ ಬಂದು ಘಟ್ಟ ಇಳಿಯುವಾಗ ಶನಿವಾರದ ಟ್ರಾಫಿಕ್ ಎದುರಿಗೆ ಬರುತ್ತದೆ. ರೈಲು ತಪ್ಪಿದರೆ ಪುಣ್ಯವೂ ನೆನಪಿರುವುದಿಲ್ಲ. ಮಂಗಳೂರು, ಪುತ್ತೂರು ಕಡೆಯವರು, ಭಾನುವಾರ ಉಳಿಯುವವರು ಪಶ್ಚಿಮಕ್ಕೆ ಹೋಗಲಿ. ಒಂದು ಟೆಂಪೋ ಟ್ರಾವೆಲರ್ ಸಾಕು.

ದುಬಾರೆಗೆ ಬೇಗ ಹೋಗಬೇಕು. ಆನೆಗೆ ಸ್ನಾನ ಮಾಡಿಸುವುದು ಬೆಳಿಗ್ಗೆ, ದೋಣಿಯಲ್ಲಿ ಹೊಳೆ ದಾಟಬೇಕು, ಕ್ಯೂ ಇರುತ್ತದೆ. ನೀರಿನ ಮಟ್ಟ ನೋಡಿ ದೋಣಿ ಬಿಡುತ್ತಾರೆ, ಹಿಂದಿನ ದಿನ ಫೋನ್ ಮಾಡಿ ಕೇಳಿ. ನಡುವೆ ಹೊತ್ತು ಇದ್ದರೆ ನಿಸರ್ಗಧಾಮದ ಬಿದಿರು ಮೆಳೆ, ತೂಗುಸೇತುವೆ.

ಬೈಲಕುಪ್ಪೆಯಲ್ಲಿ ಟಿಬೆಟಿನವರು 1961ರಲ್ಲಿ ಬಂದು ನೆಲೆಸಿದರು. ನಾಮ್‌ಡ್ರೋಲಿಂಗ್ ಮಠ 1963ರಲ್ಲಿ ಶುರುವಾದದ್ದು. ಅದು ಪಾರ್ಕ್ ಅಲ್ಲ, ಸಾವಿರಾರು ಸನ್ಯಾಸಿಗಳು ಇದ್ದು ಓದುವ ಜಾಗ. ಪ್ರಾರ್ಥನೆ ನಡೆಯುವಾಗ ಮಾತಾಡಬೇಡಿ, ಓದುವ ಹುಡುಗರ ಮುಖಕ್ಕೆ ಕ್ಯಾಮರಾ ಹಿಡಿಯಬೇಡಿ. ವಿದೇಶಿಯರು ಆ ವಸತಿ ಪ್ರದೇಶದಲ್ಲಿ ರಾತ್ರಿ ಉಳಿಯಬೇಕಾದರೆ ಕೇಂದ್ರ ಸರ್ಕಾರದ ಪರವಾನಗಿ ಬೇಕು. ಅದಕ್ಕೆ ಶ್ರೀಲಂಕಾದವರ ರೂಮು ಅಲ್ಲಿ ಬುಕ್ ಮಾಡಬೇಡಿ. ಹಗಲು ನೋಡಿಕೊಂಡು ಬರಲಿ.

ಸಿದ್ದಾಪುರ_ತೋಟ:

ಭಾನುವಾರಕ್ಕೆ ಉಳಿಯುವವರು ನಮ್ಮ ಕಡೆ ಹೋಂಸ್ಟೇ ಹಿಡಿದರೆ ಒಂದು ಎಚ್ಚರ. ಸಿದ್ದಾಪುರ, ದುಬಾರೆ ಸುತ್ತಿನ ತೋಟಗಳಲ್ಲಿ ಕಾಡಾನೆ ಬರುತ್ತದೆ. ಕತ್ತಲಾದ ಮೇಲೆ, ಬೆಳಕು ಹರಿಯುವ ಮೊದಲು ವಾಕಿಂಗ್ ಹೋಗಬಾರದು. ಮನೆಯವರು ಹೊರಗೆ ಹೋಗಬೇಡಿ ಅಂದರೆ ಅದಕ್ಕೆ ಕಾರಣ ಇರುತ್ತದೆ. ಹಕ್ಕಿ ನೋಡುವ ಉತ್ಸಾಹದ ಮಕ್ಕಳಿಗೆ ಇದನ್ನು ಎರಡು ಸಲ ಹೇಳಿ.

ಸಂಚಾಲಕಿ_ಧಾರವಾಡ:

ಎಲ್ಲರಿಗೂ ತುಂಬಾ ತುಂಬಾ ಧನ್ಯವಾದ. ನಮ್ಮ ಸಮಿತಿಯ ಮುಂದೆ ಇದನ್ನೇ ಇಟ್ಟೆವು. ತೀರ್ಮಾನ ಹೀಗಾಯಿತು.

ಬುಧವಾರ ರಾತ್ರಿಯಿಂದ ಶನಿವಾರ ಬೆಳಿಗ್ಗೆ ತನಕ ಎಲ್ಲರೂ ಪೇಟೆಯಲ್ಲೇ, ಮೂರು ಲಾಡ್ಜ್‌ಗಳಲ್ಲಿ. ಹಿರಿಯರಿಗೆ ಕೆಳ ಮಹಡಿ. ಬೆಳಗಿನ ಬಸ್ಸಿಗೆ ಬರುವವರಿಗೆ ಹೆಚ್ಚಿಗೆ ರೂಮು ಹಿಡಿಯಲು ಒಪ್ಪಿದ್ದಾರೆ, ಸ್ಮರಣಿಕೆ ಕೈಬಿಟ್ಟಿದ್ದೇವೆ. ಗುರುವಾರದ ಕೊನೆಯ ಗೋಷ್ಠಿಯನ್ನು ನಾಲ್ಕಕ್ಕೇ ಮುಗಿಸಿ ಕೋಟೆ, ಓಂಕಾರೇಶ್ವರ. ಶುಕ್ರವಾರ ಊಟದ ನಂತರ ಅರ್ಧ ಜನ ಚೆಟ್ಟಳ್ಳಿ, ಉಳಿದವರು ಸಂತೆ, ಗದ್ದಿಗೆ. ಶನಿವಾರ ದುಬಾರೆ, ಬೈಲಕುಪ್ಪೆ, ಮೈಸೂರು. ಭಾನುವಾರ ಉಳಿಯಲು ಹದಿನಾಲ್ಕು ಜನ ಹೆಸರು ಕೊಟ್ಟಿದ್ದಾರೆ. ಅವರು ಭಾಗಮಂಡಲ, ತಲಕಾವೇರಿ ನೋಡಿಕೊಂಡು ಕಕ್ಕಬೆಗೆ. ಮಾಂದಲ್‌ಪಟ್ಟಿ ಪಟ್ಟಿಯಲ್ಲಿ ಇಲ್ಲ.

ಅಬ್ಬಿ ಜಲಪಾತವನ್ನೂ ಬಿಟ್ಟಿದ್ದೇವೆ. ಕೆಲವರಿಗೆ ಬೇಜಾರಾಗಿದೆ. ಅದನ್ನು ಎಲ್ಲಾದರೂ ಸೇರಿಸಬಹುದಾ?

ಕೋಟೆಬೀದಿ:

ಶುಕ್ರವಾರ ಊಟದ ನಂತರ ಸಂತೆ, ಗದ್ದಿಗೆಯ ಗುಂಪಿನವರಲ್ಲಿ ಬೇಕಾದವರು ಹೋಗಲಿ. ಪೇಟೆಯಿಂದ ಎಂಟು ಕಿಲೋಮೀಟರ್. ಕಾಫಿ, ಮೆಣಸಿನ ತೋಟದ ನಡುವೆ ಮೆಟ್ಟಿಲು ಇಳಿದು ಹೋಗಬೇಕು, ಇಳಿದಷ್ಟೂ ಹತ್ತಬೇಕು. ಮಂಡಿ ನೋವಿನವರು ರೂಮಿನಲ್ಲೇ ಇರಲಿ. ನವೆಂಬರ್‌ನಲ್ಲಿ ನೀರು ಚೆನ್ನಾಗಿಯೇ ಇರುತ್ತದೆ. ನೀರಿಗೆ ಇಳಿಯಲು ಬಿಡುವುದಿಲ್ಲ, ಇಳಿಯಲೂ ಬಾರದು. ಚಿಕ್ಕ ಗಾಡಿಯಲ್ಲಿ ಹೋಗಿ. ಶನಿವಾರ, ಭಾನುವಾರ ಅಲ್ಲಿ ಗಾಡಿ ತಿರುಗಿಸಲೂ ಜಾಗ ಇರುವುದಿಲ್ಲ, ಶುಕ್ರವಾರ ಪರವಾಗಿಲ್ಲ.

ಏಲಕ್ಕಿತೋಟ:

ಹದಿನಾಲ್ಕು ಜನ ಅಂದರೆ ನಮ್ಮಲ್ಲಿ ಎಂಟು, ಪಕ್ಕದ ತೋಟದಲ್ಲಿ ಆರು. ಎರಡೂ ಕಡೆ ನೋಂದಣಿ ಇದೆ, ಬಿಲ್ಲು ಸಿಗುತ್ತದೆ. ತಲಕಾವೇರಿಯಿಂದ ಮೂರೂವರೆಗೆಲ್ಲ ಹೊರಟುಬಿಡಿ. ಕಣದಲ್ಲಿ ತೂಕ ನೋಡಬೇಕಾದರೆ ಐದಕ್ಕೆ ಮುಂಚೆ ಇಲ್ಲಿರಬೇಕು. ಸಸ್ಯಾಹಾರಿಗಳು ಎಷ್ಟು ಜನ ಅಂತ ಹಿಂದಿನ ಸೋಮವಾರದೊಳಗೆ ತಿಳಿಸಿ. ನಮ್ಮಲ್ಲಿ ಎಲ್ಲ ಮೊಬೈಲ್‌ಗೂ ಸಿಗ್ನಲ್ ಸಿಗುವುದಿಲ್ಲ, ಮನೆಯವರಿಗೆ ನಾಪೋಕ್ಲಿನಲ್ಲೇ ಫೋನ್ ಮಾಡಿ ಹೇಳಿಕೊಂಡು ಬರಲಿ.